ಅಟ್ಟದ ಮೇಲಿನ ಎನ್‌ಫೀಲ್ಡ್

ಎರಡು ವರ್ಷಗಳ ಹಿಂದೆ ಕೊಡಗಿನಲ್ಲಿದ್ದ ನಮ್ಮ ದೊಡ್ಡಪ್ಪ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಗದ್ದೆ, ತೋಟಗಳ ವಿಚಾರ ಬಹಳ ಹಿಂದೆಯೇ ಇತ್ಯರ್ಥವಾಗಿದ್ದುದರಿಂದ ನನ್ನ ಮತ್ತು ಚಿಕ್ಕಪ್ಪನ ಮಗನ ನಡುವೆ ಹಂಚಿಕೊಳ್ಳಲು ಉಳಿದದ್ದು ಬಹಳವೇನಿಲ್ಲ: ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಕಂಚಿನ ದೀಪ, ಅಟ್ಟದ ತೊಲೆಗೆ ಕಟ್ಟಿದ್ದ ಒಂದು ಹಳೆಯ ಕೋವಿ. ದೀಪಗಳನ್ನು ಒಂದೊಂದು ಹಂಚಿಕೊಂಡೆವು. ಕೋವಿಯ ವಿಷಯ ಮಾತ್ರ ಇತ್ಯರ್ಥವಾಗಲು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ನಾನು ಓದಿದ್ದು, ನೋಡಿದ್ದು, ತಮ್ಮನೊಡನೆ ಜಗಳವಾಡಿದ್ದು ಎಲ್ಲ ಸೇರಿ ಈ ಲೇಖನ. ನಾನು ಇತಿಹಾಸಜ್ಞನಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ದೆಹಲಿಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ನೋಡುವವನು. ಆದರೆ ಕಡತ ನೋಡುವ ಅಭ್ಯಾಸ ಇಂಥ ಕೆಲಸಕ್ಕೆ ಒದಗುತ್ತದೆಂದು ಆಮೇಲೆ ತಿಳಿಯಿತು.

ತಮ್ಮನ ಅಭಿಪ್ರಾಯ ಸ್ಪಷ್ಟವಾಗಿತ್ತು. "ಅಣ್ಣ, ಇದನ್ನು ರಿಪೇರಿ ಮಾಡಿಸೋಣ. ಈ ಸಲದ ಕೈಲ್ ಮುಹೂರ್ತಕ್ಕೆ ಇದರಿಂದಲೇ ಒಂದು ಈಡು ಹೊಡೆಯೋಣ" ಎಂದ. ಪೇಟೆಯಲ್ಲಿ ಕೋವಿ ರಿಪೇರಿ ಮಾಡುವವರೊಬ್ಬರು ನೋಡಿ, ನಳಿಗೆಯನ್ನು ತೀಡಿ ಹೊಳಪು ಕೊಟ್ಟು, ಹೊಸ ಕಪ್ಪು ಬಣ್ಣ ಹಾಕಿ, ಬಿರುಕು ಬಿಟ್ಟ ಮರಕ್ಕೆ ಬದಲಾಗಿ ಹೊಸ ಮರ ಕೂಡಿಸಿ ಅಂಗಡಿಯಲ್ಲಿಟ್ಟಂತೆ ಮಾಡಿಕೊಡುತ್ತೇನೆ ಎಂದಿದ್ದರಂತೆ. ನನಗೂ ಮೊದಲು ಅದು ಸರಿಯೆನಿಸಿತು. ಹಾಳಾದದ್ದನ್ನು ಸರಿಮಾಡಿಸುವುದರಲ್ಲಿ ತಪ್ಪೇನು?

ಆದರೆ ಇದು ಯಾವ ಕೋವಿ ಎಂಬುದೇ ನಮಗೆ ತಿಳಿದಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದು ಕತೆ: 1837ರ ಅಮರ ಸುಳ್ಯದ ದಂಗೆಯಲ್ಲಿ ನಮ್ಮ ಹಿರಿಯರೊಬ್ಬರು ಹಿಡಿದಿದ್ದ ಕೋವಿ ಇದು ಎಂದು. ನಮ್ಮದು ಜಮ್ಮಾ ಹಿಡುವಳಿಯ ಗೌಡ ಮನೆತನ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರ್ಕಾರ ಕೊಡಗನ್ನು ನುಂಗಿದ ಮೂರು ವರ್ಷಕ್ಕೆ ಎದ್ದ ಆ ದಂಗೆಯಲ್ಲಿ ಗೌಡರದು ದೊಡ್ಡ ಪಾಲು. ದಂಗೆಯವರು ಮಂಗಳೂರಿನವರೆಗೂ ಹೋಗಿ ಕೆಲವು ದಿನ ಅದನ್ನು ಕೈವಶ ಮಾಡಿಕೊಂಡಿದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇಂಥ ಕತೆಗೆ ಸಾಕ್ಷಿಯಾಗಿ ಮನೆಯಲ್ಲೊಂದು ಕೋವಿ ಇದೆಯೆಂದರೆ ಯಾರಿಗೆ ತಾನೆ ಹೆಮ್ಮೆಯಿಲ್ಲ?

ರಜೆ ಹಾಕಿ ಊರಿಗೆ ಹೋದಾಗ ಒಂದು ಭೂತಗನ್ನಡಿ, ಒಂದು ಟಾರ್ಚು ಹಿಡಿದು ಅಂಗಳದಲ್ಲಿ ಕುಳಿತೆ. ಉದ್ದ ಸುಮಾರು 55 ಅಂಗುಲ, ಭಾರ ನಾಲ್ಕು ಕಿಲೋ ಮೀರಿತು. ನಳಿಗೆಯನ್ನು ಮರಕ್ಕೆ ಬಿಗಿದು ಹಿಡಿದ ಮೂರು ಕಬ್ಬಿಣದ ಪಟ್ಟಿಗಳು. ಹಿಂಬದಿಯ ತಗಡು, ಕುದುರೆಯ ಕೆಳಗಿನ ಕಾವಲು ಬಳೆ, ಮರದ ತುದಿಯ ಟೋಪಿ ಹಿತ್ತಾಳೆಯವು. ಕುದುರೆಯ ಪಕ್ಕದ ಉಕ್ಕಿನ ತಗಡಿನ ಮೇಲೆ ಒಂದು ಕಿರೀಟ, 'ಟವರ್' ಎಂಬ ಇಂಗ್ಲಿಷ್ ಅಕ್ಷರಗಳು, ಅದರ ಮೇಲೆ 1, 8, 6 ಎಂಬ ಮೂರು ಅಂಕಿಗಳು. ನಾಲ್ಕನೆಯದನ್ನು ತುಕ್ಕು ತಿಂದಿದೆ. ನಳಿಗೆಯ ಬುಡದಲ್ಲಿ ಒಂದಕ್ಕೊಂದು ಅಡ್ಡಲಾದ ರಾಜದಂಡಗಳ ಮುದ್ರೆ, 25 ಎಂಬ ಸಂಖ್ಯೆ.

ಇದಿಷ್ಟರಿಂದ ತಿಳಿದದ್ದು: ಇದು ಬ್ರಿಟಿಷರ 1853ರ ಮಾದರಿಯ ಎನ್‌ಫೀಲ್ಡ್. ಲಂಡನ್ನಿನ ಉತ್ತರಕ್ಕಿದ್ದ ಎನ್‌ಫೀಲ್ಡ್ ಎಂಬ ಊರಿನ ಸರ್ಕಾರಿ ಬಂದೂಕು ಕಾರ್ಖಾನೆಯಿಂದ ಬಂದ ಹೆಸರು. (ನಮ್ಮ ಹುಡುಗರು ಓಡಿಸುವ ಬುಲೆಟ್ ಮೋಟಾರ್ ಸೈಕಲ್ಲಿಗೂ ಹೆಸರು ಬಂದದ್ದು ಇದೇ ಸಂಬಂಧದಿಂದ. ಅದರ ಮೂಲ ಕಂಪನಿ ಆ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿತ್ತು.) 1853ರಲ್ಲಿ ಹುಟ್ಟಿದ ಮಾದರಿ 1837ರ ದಂಗೆಯಲ್ಲಿ ಇರುವುದು ಹೇಗೆ? ಮನೆಯ ಕತೆ ಅಲ್ಲಿಗೆ ಮುಗಿಯಿತು. ಕಿರೀಟದ ಕೆಳಗೆ ರಾಣಿಯ ಹೆಸರಿನ ವಿ.ಆರ್. ಅಕ್ಷರಗಳು ಇಲ್ಲದ್ದರಿಂದ ಇದು ಸೈನ್ಯದ ಉಗ್ರಾಣದ್ದೂ ಅಲ್ಲ, ವ್ಯಾಪಾರಕ್ಕೆಂದು ಮಾಡಿದ ಮಾಲು. ಅಡ್ಡ ರಾಜದಂಡಗಳು ಬರ್ಮಿಂಗ್‌ಹ್ಯಾಮ್ ನಗರದ ಪರೀಕ್ಷಾ ಮನೆಯ ಗುರುತು. ಹೆಚ್ಚು ಮದ್ದು ತುಂಬಿ ಹೊಡೆದು, ನಳಿಗೆ ಒಡೆಯಲಿಲ್ಲವೆಂದು ಕಂಡ ಮೇಲೆ ಒತ್ತುವ ಮುದ್ರೆ. 25 ಎಂದರೆ ಈ ನಳಿಗೆಗೆ ಹಿಡಿಯುವ ಸೀಸದ ಗುಂಡುಗಳು ಇಪ್ಪತ್ತೈದು ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂದು ಅರ್ಥ. 1854ರಿಂದ ಕೊಡಗಿಗೆ ಇಂಗ್ಲಿಷ್ ಕಾಫಿ ತೋಟಗಾರರು ಬರತೊಡಗಿದ್ದರು. ಅವರಲ್ಲಿ ಯಾರೋ ಒಬ್ಬರ ಕೈಯಿಂದ ಇದು ನಮ್ಮ ಮನೆಗೆ ಬಂದಿರಬೇಕೆಂದು ನನ್ನ ಊಹೆ. ದಂಗೆಯ ಕೋವಿ ಎಂದು ನಂಬಿದ್ದು ದೊರೆಗಳ ಅಂಗಡಿಯ ಕೋವಿಯಾಯಿತು! ತಮ್ಮ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆದರೆ ನಿಜವಾದ ಇತಿಹಾಸ ಕಟ್ಟುಕತೆಗಿಂತ ಕಡಿಮೆಯದೇನಲ್ಲ. ಇದು 1857ರ ಕೋವಿಯ ಜಾತಿ. ಅದಕ್ಕೆ ಮೊದಲು ಸಿಪಾಯಿಗಳ ಕೈಯಲ್ಲಿದ್ದದ್ದು ಒಳಗೆ ನುಣುಪಾದ ನಳಿಗೆಯ ಬಂದೂಕು. ನೂರು ಗಜದಾಚೆಗೆ ಗುರಿ ಎಂಬುದು ದೇವರ ಇಚ್ಛೆ. ಎನ್‌ಫೀಲ್ಡಿನ ನಳಿಗೆಯೊಳಗೆ ಮೂರು ಗೀರುಗಳು ಸುರುಳಿಯಾಗಿ ಸಾಗುತ್ತವೆ. ಸೀಸದ ಗುಂಡಿನ ಬುಡ ಟೊಳ್ಳು. ಮದ್ದು ಹೊತ್ತಿದಾಗ ಆ ಬುಡ ಅರಳಿ ಗೀರುಗಳನ್ನು ಕಚ್ಚಿ ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿ ಬೀಳದಿರುವಂತೆಯೇ ತಿರುಗುವ ಗುಂಡು ದಾರಿ ತಪ್ಪುವುದಿಲ್ಲ. ಹೀಗೆ ಗೀರುಳ್ಳದ್ದಕ್ಕೇ ರೈಫಲ್ ಎಂದು ಹೆಸರು. ಇದರ ಗುರಿಪಟ್ಟಿಯಲ್ಲಿ 900 ಗಜದವರೆಗೆ ಗುರುತು ಇರುತ್ತಿತ್ತು. ಇದಕ್ಕೆ ಕಾಗದದ ತೋಟೆ. ಹಲ್ಲಿನಿಂದ ಕಚ್ಚಿ ಹರಿದು, ಸುಮಾರು ನಾಲ್ಕೂವರೆ ಗ್ರಾಂ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಸಲಾಕೆಯಿಂದ ಜಡಿಯಬೇಕು. ಗುಂಡು ಸರಾಗವಾಗಿ ಇಳಿಯಲೆಂದು ಆ ಕಾಗದಕ್ಕೆ ಕೊಬ್ಬು ಸವರುತ್ತಿದ್ದರು. ಯಾವ ಪ್ರಾಣಿಯ ಕೊಬ್ಬು ಎಂಬ ಪ್ರಶ್ನೆಯಿಂದ ಮುಂದೆ ಏನಾಯಿತೆಂದು ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟಾಗಿ ತಿಳಿಯದ ಸಂಗತಿ ಆಮೇಲಿನದು: ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆಂದು ಎನ್‌ಫೀಲ್ಡಿನಂತೆಯೇ ಕಾಣುವ, ಆದರೆ ಒಳಗೆ ಗೀರುಗಳಿಲ್ಲದ ಕೋವಿಗಳನ್ನು ಬೇರೆಯಾಗಿಯೇ ಮಾಡಿಸಿದರು. ಹೊರಗೆ ಒಂದೇ ರೂಪ. ಗೋರಾ ಸೈನಿಕನ ಗುಂಡು ದೂರ ಹೋಗಬೇಕು, ಕರಿಯನದು ಹತ್ತಿರದಲ್ಲೇ ಬೀಳಬೇಕು. ಒಂದು ಸರ್ಕಾರದ ಅಪನಂಬಿಕೆಯನ್ನು ಹೀಗೆ ಬೆರಳು ಹಾಕಿ ತಡವಿ ನೋಡಬಹುದೆಂದು ನನಗೆ ಮೊದಲು ತಿಳಿದಿರಲಿಲ್ಲ.

ನಮ್ಮದರ ಬಾಯಿಯಲ್ಲಿ ಕಿರುಬೆರಳು ಹಾಕಿ ನೋಡಿದೆ. ತುಕ್ಕಿನ ನಡುವೆ ಮೂರು ಗೀರುಗಳು ತಾಗಿದವು. ನಿಜವಾದ ರೈಫಲ್ಲೇ.

ಇದನ್ನೆಲ್ಲ ಕಚೇರಿಯಲ್ಲಿ ಹೇಳುತ್ತಿದ್ದಾಗ ಮುಧೋಳದ ಕಡೆಯ ನಮ್ಮ ಸಹೋದ್ಯೋಗಿಯೊಬ್ಬರು ಸುಮ್ಮನೆ ಕೇಳಿ ಕೊನೆಗೆ, "ನಿಮಗ ಬಿಟ್ರು, ನಮ್ಮ ಕಡಿಂದ ಕಸ್ಕೊಂಡ್ರು ನೋಡ್ರಿ" ಎಂದರು. ಅವರು ಹೇಳಿದ್ದು ಹಲಗಲಿಯ ಬೇಡರ ವಿಷಯ. 1857ರಲ್ಲಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಆಯುಧಗಳನ್ನು ಒಪ್ಪಿಸಬೇಕೆಂದಾಗ, ಬೇಟೆಯೇ ಬದುಕಾಗಿದ್ದ ಆ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಜಡಗ, ಬಾಲ ಮೊದಲಾಗಿ ಹತ್ತೊಂಬತ್ತು ಜನ ಗಲ್ಲಿಗೇರಿದರು. ಆ ಲಾವಣಿ ನಮ್ಮಲ್ಲಿ ಹಲವರಿಗೆ ಶಾಲೆಯ ಪಾಠವಾಗಿತ್ತು. ಅದೇ ಕನ್ನಡನಾಡಿನ ಇನ್ನೊಂದು ಮೂಲೆಯಾದ ಕೊಡಗಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಘೋಷಣೆಯ ಮೂಲಕ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಿಕ್ಕಿತು. ಕೊಡಗಿನವರ ಶೌರ್ಯವನ್ನೂ ನಿಷ್ಠೆಯನ್ನೂ ಆ ಘೋಷಣೆ ಬಾಯ್ತುಂಬ ಹೊಗಳುತ್ತದೆ. ಯಾರಿಗೆ ನಿಷ್ಠೆ ಎಂದು ಕೇಳಿಕೊಂಡರೆ ಹೊಗಳಿಕೆ ಸ್ವಲ್ಪ ಕಹಿಯಾಗುತ್ತದೆ. 1837ರ ದಂಗೆಯನ್ನು ಅಡಗಿಸಲು ನೆರವಾದವರಿಗೆ ಕಂಪನಿ ಸರ್ಕಾರ ಚಿನ್ನದ, ಬೆಳ್ಳಿಯ ಪದಕಗಳನ್ನು ಕೊಟ್ಟಿತ್ತು. ಅಂದರೆ ಅಪ್ಪಯ್ಯ ಗೌಡರ ಗಲ್ಲು, ಆ ಪದಕಗಳು, ನಮ್ಮ ಅಟ್ಟದ ಕೋವಿ ಇವು ಮೂರೂ ಒಂದೇ ಸರಣಿಯಲ್ಲಿ ಬರುತ್ತವೆ. ಮುಂದೆ 1878ರ ಆಯುಧ ಕಾಯಿದೆ ದೇಶದಲ್ಲೆಲ್ಲ ಭಾರತೀಯರ ಕೈ ಬರಿದು ಮಾಡಿದಾಗಲೂ ಕೊಡಗಿನ ವಿನಾಯಿತಿ ಉಳಿಯಿತು. ಆ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೆಲಸಗಳಲ್ಲಿ ಒಂದೆಂದು ಗಾಂಧೀಜಿಯವರೇ ಖಂಡಿಸಿದ್ದರು.

ಸ್ವಾತಂತ್ರ್ಯಾನಂತರದ 1959ರ ಕಾಯಿದೆಯಲ್ಲೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಜಮ್ಮಾ ಎಂದರೆ ರಾಜನಿಗೆ ಸೈನಿಕ ಸೇವೆ ಸಲ್ಲಿಸುವ ಕರಾರಿನ ಮೇಲೆ ಅರ್ಧ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಭೂಮಿಗೂ ಕೋವಿಗೂ ಹಾಗೆ ಗಂಟು.

ಇನ್ನು ನನ್ನ ಸ್ವಾರ್ಥದ ಮಾತು. ಇಷ್ಟೆಲ್ಲ ತಿಳಿದ ಮೇಲೆ ಅದನ್ನು ದೆಹಲಿಗೆ ತಂದು ಬೈಠಕ್ಕಿನ ಗೋಡೆಗೆ ತೂಗುಹಾಕಬೇಕೆಂಬ ಆಸೆ ನನಗೆ ಹುಟ್ಟಿತು. ಕಾಯಿದೆಯ ಪುಸ್ತಕ ತೆಗೆದೆ. ನಲವತ್ತೈದನೆಯ ಕಲಮಿನಲ್ಲಿ ಒಂದು ಮಾತಿದೆ: ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಈ ಕಾಯಿದೆ ತಗಲುವುದಿಲ್ಲ; ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬಾರದಂತಿರಬೇಕು. ಗುಮಾಸ್ತನ ಕಣ್ಣು ಆ 'ರಿಪೇರಿ ಮಾಡಿದರೂ' ಎಂಬಲ್ಲಿ ನಿಂತಿತು. ನಮ್ಮದು ಕೆಟ್ಟಿದೆ, ನಿಜ. ಆದರೆ ರಿಪೇರಿಯಾಗುತ್ತದೆ ಎಂದು ಪೇಟೆಯವರು ಹೇಳಿಯಾಗಿದೆ. ಆದ್ದರಿಂದ ನೂರೈವತ್ತು ದಾಟಿದ ಈ ಮುದುಕ ಕಾನೂನಿನ ಕಣ್ಣಿಗೆ ಈಗಲೂ ಬಂದೂಕೇ. ಗೋಡೆಯ ಅಲಂಕಾರವಾಗಬೇಕಾದರೆ ನಳಿಗೆಗೆ ತೂತು ಕೊರೆದು, ಬುಡಕ್ಕೆ ಬೆಸುಗೆ ಹಾಕಿ ಕೊಲ್ಲಬೇಕು. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ವಸ್ತು ಇದ್ದರೆ ಈ ಕಲಮನ್ನು ಒಮ್ಮೆ ಓದಿಕೊಳ್ಳಿ. "ಹಳೆಯದು ತಾನೆ" ಎಂಬ ಧೈರ್ಯ ಬೇಡ. ಲೈಸೆನ್ಸುದಾರರು ತೀರಿಕೊಂಡರೆ ವಾರಸುದಾರರು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲೋ ಅದನ್ನು ಠೇವಣಿಯಿಟ್ಟು ಆಮೇಲೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಪಿತ್ರಾರ್ಜಿತವೂ ಸೇರಿ ಒಬ್ಬರಿಗೆ ಎರಡೇ.

ಹೀಗಾಗಿ ತಮ್ಮನ ಆಸೆ ಒಂದು, ನನ್ನ ಆಸೆ ಇನ್ನೊಂದು. ಅವನಿಗೆ ಅದು ಮತ್ತೆ ಗುಡುಗಬೇಕು, ನನಗೆ ಅದು ಸತ್ತು ಗೋಡೆ ಹತ್ತಬೇಕು. ಎರಡರಲ್ಲೂ ಕೋವಿಗೆ ಕೊರೆತ ತಪ್ಪಿದ್ದಲ್ಲ.

ತುಕ್ಕಿನ ವಿಷಯ ನಾನು ಓದಿದ ವಿದ್ಯೆಗೆ ಸೇರಿದ್ದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ತುಕ್ಕಿನಲ್ಲಿ ಎರಡು ಬಗೆ. ಕೆಂಪು ಕಿತ್ತಳೆ ಬಣ್ಣದ, ಬೆರಳಿಗೆ ಹತ್ತುವ ಪುಡಿ ತುಕ್ಕು ತೇವ ಹೀರಿಕೊಂಡು ಒಳಗೊಳಗೇ ಕಬ್ಬಿಣವನ್ನು ತಿನ್ನುತ್ತದೆ. ಕಪ್ಪು ಮಿಶ್ರಿತ ಕಂದು ಬಣ್ಣದ ಗಟ್ಟಿ ಪದರ ಹಾಗಲ್ಲ, ಅದು ಕಬ್ಬಿಣಕ್ಕೆ ಹೊದಿಕೆ. ತಜ್ಞರು ಮಾಡುವುದು ಮೊದಲನೆಯದನ್ನು ಎಣ್ಣೆಯಲ್ಲಿ ನೆನೆಸಿ ಮೆಲ್ಲಗೆ ಕೆರೆದು ತೆಗೆದು, ಎರಡನೆಯದನ್ನು ಮುಟ್ಟದೆ ಬಿಡುವುದು. ತಿರುಗುವ ಚಕ್ರಕ್ಕೆ ಕೊಟ್ಟು ಹೊಳಪು ತರಿಸಿದರೆ ಎರಡೂ ಹೋಗುತ್ತವೆ. ಅದರೊಡನೆ ಕಿರೀಟ, ಅಂಕಿ, ಪರೀಕ್ಷಾ ಮುದ್ರೆಗಳೂ. ಮರ ಬದಲಾಯಿಸುವುದೂ ಅಷ್ಟೇ. ಬರ್ಮಿಂಗ್‌ಹ್ಯಾಮಿನ ಕೋವಿಗಳನ್ನು ಆಗ ಕೈಯಲ್ಲೇ ಜೋಡಿಸುತ್ತಿದ್ದುದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂಡುವುದಿಲ್ಲ. ಹೊಡೆಯಲೇಬೇಕೆಂದು ಆಸೆಯಿರುವವರಿಗಾಗಿ ಇಟಲಿಯಲ್ಲಿ ಇದರ ತದ್ರೂಪಿ ಕೋವಿಗಳನ್ನು ಈಗಲೂ ಮಾಡುತ್ತಾರೆ. ಕೊಡಗಿನ ಮಳೆಯಲ್ಲಿ ಒಂದೂವರೆ ಶತಮಾನ ಕಳೆದ ನಳಿಗೆಗೆ ಹೊಸ ಮದ್ದು ತುಂಬುವುದು ಬೇರೆಯೇ ಮಾತು. ಒಳಗಿನ ಗುಳಿಗಳು ಎಷ್ಟು ಆಳವೆಂದು ಹೊರಗಿನಿಂದ ಕಾಣುವುದಿಲ್ಲ.

ಇಷ್ಟು ಕಾಲ ಕೆಡದಿದ್ದದ್ದು ಈಚೆಗೆ ಏಕೆ ತುಕ್ಕು ಹಿಡಿಯಿತು? ಅಮ್ಮನನ್ನು ಕೇಳಿದೆ. ಅಡುಗೆಮನೆಯ ಒಲೆಯ ಹೊಗೆ ನೇರವಾಗಿ ಆ ಅಟ್ಟಕ್ಕೇ ಹೋಗುತ್ತಿತ್ತಂತೆ. ಹೊಗೆಯ ಜಿಡ್ಡು, ಮಸಿ, ಬಿಸಿ ಗಾಳಿ ಸೇರಿ ಮಳೆಗಾಲದ ತೇವ ಅದಕ್ಕೆ ತಾಗುತ್ತಿರಲಿಲ್ಲ. ಮನೆಗೆ ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು, ಕೋವಿ ಕೆಂಪಾಯಿತು. ಹಿತ್ತಾಳೆಯ ಮೇಲಿನ ಕೆತ್ತನೆ ಸವೆದದ್ದಕ್ಕೆ ಕಾರಣ ಇನ್ನೂ ಸರಳ: ವರ್ಷಕ್ಕೊಮ್ಮೆ ಹಬ್ಬಕ್ಕೆ ಮೊದಲು ಅಜ್ಜಿ ಹುಣಸೆಹುಳಿ, ಬೂದಿ ಹಾಕಿ ದೀಪದ ಜೊತೆಗೆ ಅದನ್ನೂ ತಿಕ್ಕುತ್ತಿದ್ದರು.

ಅಷ್ಟರಲ್ಲಿ ತಮ್ಮ ಅದಕ್ಕೆ ಎಣ್ಣೆ ಬಿಟ್ಟು ಕುದುರೆಯನ್ನು ಸಡಿಲ ಮಾಡಿಕೊಂಡಿದ್ದ. "ಒಂದು ಕೇಪು ಇಟ್ಟು ಬರೀ ನೋಡೋಣ, ಮದ್ದು ಹಾಕುವುದು ಬೇಡ" ಎಂದ. ಪಕ್ಕದ ಮನೆಯ ನಿವೃತ್ತ ಸುಬೇದಾರರು ಆ ಹೊತ್ತಿಗೆ ಕಾಫಿಗೆ ಬಂದಿದ್ದು ನಮ್ಮ ಪುಣ್ಯ. ಅವರು ಏನೂ ಹೇಳದೆ ಒಂದು ತೆಳ್ಳನೆಯ ಅಡಕೆ ದಬ್ಬೆ ತರಿಸಿ ನಳಿಗೆಯೊಳಕ್ಕೆ ಇಳಿಸಿದರು. ಬಾಯಿಯ ಬಳಿ ಉಗುರಿನಿಂದ ಗುರುತು ಮಾಡಿ ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರು. ದಬ್ಬೆಯ ತುದಿ ಬುಡದ ತನಕ ಬರಬೇಕಿತ್ತು. ನಾಲ್ಕು ಬೆರಳು ಮೊದಲೇ ನಿಂತಿತ್ತು.

"ಒಳಗೆ ಈಡು ಇದೆ" ಎಂದರು.

ಕಪ್ಪು ಮದ್ದು ಎಂದರೆ ನೂರಕ್ಕೆ ಎಪ್ಪತ್ತೈದು ಪಾಲು ಪೆಟ್ಲುಪ್ಪು, ಹದಿನೈದು ಇದ್ದಿಲು, ಹತ್ತು ಗಂಧಕ. ಒಣಗಿದ್ದರೆ ಅದು ಎಷ್ಟು ಕಾಲವಾದರೂ ಕೆಡುವುದಿಲ್ಲ. ಹೊಗೆಯ ಬಿಸಿಯಲ್ಲಿ ಬೆಚ್ಚಗಿದ್ದ ಮದ್ದು. ತಮ್ಮನ ಕೈಯಲ್ಲಿ ಕೇಪಿನ ಡಬ್ಬಿ ಇತ್ತು, ಹಜಾರದಲ್ಲಿ ಅವನ ಮಗಳು ಆಡುತ್ತಿದ್ದಳು. ನಾವಿಬ್ಬರೂ ಬಹಳ ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದನ್ನು ತೆಗೆದದ್ದು ಸುಬೇದಾರರೇ. ಬಾಯನ್ನು ಮಣ್ಣಿನ ಬರೆಯ ಕಡೆಗೆ ತಿರುಗಿಸಿ ಓರೆಯಾಗಿ ಕಟ್ಟಿ, ನಳಿಗೆ ತುಂಬ ನೀರು ಹೊಯ್ದು ಮೂರು ದಿನ ಬಿಟ್ಟರು. ಪೆಟ್ಲುಪ್ಪು ನೀರಿನಲ್ಲಿ ಕರಗಿದರೆ ಉಳಿದ ಇದ್ದಿಲು ಗಂಧಕಗಳಿಂದ ಅಪಾಯವಿಲ್ಲ. ಆಮೇಲೆ ಕಮ್ಮಾರನಿಂದ ತಿರುಪಿನ ಮೊನೆಯೊಂದನ್ನು ಮಾಡಿಸಿ ಸಲಾಕೆಗೆ ಸಿಕ್ಕಿಸಿ ಎಳೆದರು. ಗುಂಡು ಬರಲಿಲ್ಲ. ಬಂದದ್ದು ತೆಂಗಿನ ನಾರಿನ ಬೆಣೆ, ಅದರ ಹಿಂದೆ ಕಪ್ಪು ಕೆಸರು. ಗುಂಡಿಲ್ಲದ ಈಡು ಎಂದರೆ ಬೇಟೆಗಲ್ಲ, ಸದ್ದಿಗಾಗಿ ತುಂಬಿದ್ದು.

ರಾತ್ರಿ ದೆಹಲಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹೊಡೆಯುವ ಪದ್ಧತಿ. ನೆರೆಹೊರೆಯ ನಮ್ಮ ಮನೆಯಲ್ಲೂ ಅದು ಬಳಕೆಗೆ ಬಂದಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಮಾವನವರದ್ದು" ಎಂದರು. 1971ರ ಆಷಾಢದಲ್ಲಿ ಅಜ್ಜ ತೀರಿಕೊಂಡಾಗ ಅಮ್ಮ ಆ ಮನೆಗೆ ಹೊಸ ಸೊಸೆ. ಮೊದಲ ಈಡು ಹಾರಿತು. ಎರಡನೆಯದಕ್ಕೆ ಮಳೆಯಲ್ಲಿ ಕೇಪು ಹೊತ್ತಲಿಲ್ಲ. ಮೂರು ಸಲ ಕುದುರೆ ಎಳೆದರೂ ಟಿಕ್ ಎಂದಿತಷ್ಟೆ. ಕೆಳಗಿನ ಊರಿನವರು ಇನ್ನೊಂದು ಈಡಿಗಾಗಿ ಕಾದಿದ್ದರಂತೆ. ಹೆಣ ಎತ್ತುವ ಗಡಿಬಿಡಿಯಲ್ಲಿ ದೊಡ್ಡಪ್ಪ ಕೋವಿಯನ್ನು ಒಳಗಿಟ್ಟರು. ಆಮೇಲೆ ಅದನ್ನು ಅವರು ಎಂದೂ ಹೊಡೆಯಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮಿಬ್ಬರ ನಡುವೆ ಹೆಚ್ಚು ಮಾತು ನಡೆಯಲಿಲ್ಲ. ಹೊಸ ಮರ ಬೇಡ, ಹೊಳಪು ಬೇಡ, ತೂತೂ ಬೇಡ ಎಂದಾಯಿತು. ನಳಿಗೆಯೊಳಗೆ ಕುದಿವ ನೀರು ಹೊಯ್ದು ತೊಳೆದೆವು. ಕೇಪು, ಮದ್ದುಗಳು ಬಿಟ್ಟುಹೋಗುವ ಲವಣಗಳಿಗೆ ನೀರೇ ಮದ್ದು, ಎಣ್ಣೆಯಲ್ಲ. ಬಿಸಿಗೆ ತಾನೇ ಒಣಗಿದ ಮೇಲೆ ತೆಳುವಾಗಿ ಎಣ್ಣೆ ಸವರಿದೆವು. ಪುಡಿ ತುಕ್ಕನ್ನು ನಾಲ್ಕು ದಿನ ಕುಳಿತು ಕೈಯಿಂದಲೇ ತೆಗೆದೆ. ಮರಕ್ಕೆ ಅಗಸೆ ಎಣ್ಣೆ. ಬಿರುಕು ಹಾಗೆಯೇ ಇದೆ. ಆ ನಾಲ್ಕನೆಯ ಅಂಕಿ ಮಾತ್ರ ಎಷ್ಟು ತಿಣುಕಿದರೂ ಕಾಣಲಿಲ್ಲ. ಏನೋ ಒಂದು ಬಾಗಿದ ಗೆರೆ.

ಕಪ್ಪು ಕೆಸರನ್ನು ತಮ್ಮ ತೆಂಗಿನ ಚಿಪ್ಪಿನಲ್ಲಿ ಹಿಡಿದು ಹಿರಿಯರ ಸ್ಥಾನದ ಬುಡಕ್ಕೆ ಹೊಯ್ದು ಬಂದ. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ನನಗೆ ರಜೆ ಸಿಗಲಿಲ್ಲ. ಅವನು ಕಳಿಸಿದ ಚಿತ್ರದಲ್ಲಿ ಕೋವಿ ಒಡಿಕತ್ತಿಯ ಪಕ್ಕದಲ್ಲಿ ಮಣೆಯ ಮೇಲಿದೆ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿದ್ದಾರೆ. ಪೂಜೆಯಾದ ಮೇಲೆ, ತೆಂಗಿನಕಾಯಿಗೆ ಗುರಿ ಇಡುವ ಪಂದ್ಯಕ್ಕೆ ಹೋಗುವ ಮೊದಲು, ತನ್ನ ತೋಟೆ ಕೋವಿಯಿಂದ ಆಕಾಶಕ್ಕೆ ಒಂದೇ ಒಂದು ಈಡು ಹೊಡೆದನಂತೆ. ಯಾಕೆಂದು ಊರಿನವರು ಕೇಳಿದ್ದಕ್ಕೆ, ಬಾಕಿ ಇತ್ತು ಎಂದನಂತೆ.